ಸಂತೆಕಟ್ಟೆಯ ಹೂವು, ಜಪಾನಿನ ಪಾತ್ರೆ

ಉಡುಪಿಯಿಂದ ಬ್ರಹ್ಮಾವರದತ್ತ ಹೊರಟ ಪ್ರಯಾಣಿಕನಿಗೆ, ಸ್ವರ್ಣಾ ನದಿಯನ್ನು ದಾಟುವ ಮುನ್ನ ಸಂತೆಕಟ್ಟೆ ಎದುರಾಗುತ್ತದೆ. ಹೆದ್ದಾರಿಯ ವಾಹನಗಳು ಅದನ್ನು ಕ್ಷಣಮಾತ್ರದಲ್ಲಿ ಹಾದುಹೋಗುತ್ತವೆ. ಇಳಿದು ನಿಂತವನಿಗಾದರೋ ಇಲ್ಲಿ ಮಾತೇ ಒಂದು ಸಂತೆ. ತುಳು, ಕೊಂಕಣಿ, ಕನ್ನಡಗಳು ಒಂದೇ ಅಂಗಡಿಯ ಮುಂದೆ ಕೂಡುತ್ತವೆ. ಅಡುಗೆಯ ಮಣ್ಣಿನ ಮಡಕೆ ತುಳುವರಿಗೆ ‘ಕರ’. ಕೊಂಕಣಿ ಕ್ರೈಸ್ತರ ಮನೆಯಲ್ಲಿ ‘ಕುಂಡ್ಲೆಂ’. ಕೊಳ್ಳುವವಳು ‘ಹೂ’ ಎಂದರೆ ಮಾರುವವಳು ‘ಪೂ’ ಎನ್ನುತ್ತಾಳೆ. ವ್ಯಾಪಾರವೇನೂ ನಿಲ್ಲುವುದಿಲ್ಲ.

ಇಂಥ ಊರಿನ ಹೆಣ್ಣುಮಗಳೊಬ್ಬಳು ಜಪಾನಿನಲ್ಲಿ ಸಂಸಾರ ಹೂಡಲು ಹೊರಟಳೆನ್ನೋಣ. ಅವಳನ್ನು ಅಂಜಿಸುವುದು ದೊಡ್ಡ ಮಾತುಗಳಲ್ಲ. ನೆರೆಮನೆಯಾಕೆಯ ಬಳಿ ಒಂದು ಬೋಗುಣಿಯನ್ನು ಏನೆಂದು ಕೇಳುವುದೆಂಬ ಸಣ್ಣ ಚಿಂತೆ. ಆ ನಾಡಿನಲ್ಲಿ ಬೋಗುಣಿಗೆ ‘ಹಚಿ’ ಎಂದು ಹೆಸರು.

ಅಚ್ಚರಿಯೆಂದರೆ, ಅದು ನಮ್ಮ ‘ಪಾತ್ರೆ’ಯೇ! ಬೌದ್ಧ ಭಿಕ್ಷುಗಳ ಕೈಯಲ್ಲಿ ಸಂಸ್ಕೃತದ ‘ಪಾತ್ರ’ವು ಚೀನಾಕ್ಕೆ ಹೋಯಿತು. ಅಲ್ಲಿ ಶಬ್ದದ ಬಾಲ ಉದುರಿ ತಲೆಯಷ್ಟೇ ಉಳಿಯಿತು. ಹಾಗೆಯೇ ಜಪಾನನ್ನು ಸೇರಿತು. ಕ್ರಿ.ಶ. 752ರಲ್ಲಿ ನಾರಾ ನಗರದ ಮಹಾಬುದ್ಧನ ಮೂರ್ತಿಗೆ ನೇತ್ರೋನ್ಮೀಲನ ಮಾಡಿದವನು ಭಾರತದಿಂದ ಹೋದ ಬೋಧಿಸೇನ. ಮನುಷ್ಯರು ನಡೆದ ದಾರಿಯಲ್ಲಿ ಮಾತುಗಳೂ ನಡೆದವು.

ಆದರೆ ಪಕಾರವು ಹಕಾರವಾದುದು ಹೇಗೆ? ಉತ್ತರ ಸಂತೆಕಟ್ಟೆಯ ಹೂವಿನ ಬುಟ್ಟಿಯಲ್ಲಿಯೇ ಇದೆ. ಹಳಗನ್ನಡದ ‘ಪೂ’, ‘ಪಾಲ್’ಗಳು ಮುಂದೆ ‘ಹೂ’, ‘ಹಾಲು’ ಆದವು. ತುಳು ಮಾತ್ರ ‘ಪೂ’ವನ್ನು ಬಿಟ್ಟುಕೊಡಲಿಲ್ಲ. ಜಪಾನೀ ನುಡಿಯಲ್ಲಿಯೂ ಪ್ರಾಚೀನ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು. ಒಂದು ಕಾಲಕ್ಕೆ ‘ಪತಿ’ ಎನಿಸಿದ್ದ ಬೋಗುಣಿ (ಮನೆಯ ಯಜಮಾನರಿಗೂ ಅದಕ್ಕೂ ಸಂಬಂಧವಿಲ್ಲ) ‘ಹಚಿ’ ಎನಿಸಿತು.

ಹಳೆಯ ಪಕಾರ ಪೂರ್ತಿಯಾಗಿ ಅಳಿದಿಲ್ಲ. ‘ಹಿ’ ಎಂದರೆ ಬೆಂಕಿ; ಕೆಂಡವಿರಿಸುವ ಪಾತ್ರೆ ‘ಹಿಬಚಿ’. ಎಳ್ಳು ಅರೆಯುವ, ಒಳಮೈಯಲ್ಲಿ ಗೀರುಗಳುಳ್ಳ ಪಾತ್ರೆ ‘ಸುರಿಬಚಿ’. ಕಣ್ಣಿನ ಪನಿ ‘ಕಂಬನಿ’ಯಾದುದನ್ನು ಆದೇಶಸಂಧಿಯ ಪಾಠದಲ್ಲಿ ಓದಿದವರಿಗೆ ಈ ಬಕಾರ ಹೊಸತಲ್ಲ.

ಇಷ್ಟರಿಂದ ಕನ್ನಡ, ಜಪಾನೀ ನುಡಿಗಳು ಒಂದೇ ತಾಯಿಯ ಮಕ್ಕಳೆಂದು ಹೇಳಲಾಗದು. ದೂರದೂರದ ಎರಡು ನಾಲಿಗೆಗಳು ತಮ್ಮಷ್ಟಕ್ಕೆ ಒಂದೇ ದಾರಿ ಹಿಡಿದವು, ಅಷ್ಟೆ. ಆದರೂ ‘ಪೂ’, ‘ಹೂ’ಗಳ ನಡುವೆ ಬೆಳೆದವಳು ‘ಹಚಿ’ಯನ್ನು ಕಲಿಯುವಾಗ ಅಂಜಬೇಕಾಗಿಲ್ಲ. ತವರಿನ ಪಾತ್ರೆಯೊಂದು ಅವಳಿಗಿಂತ ಮೊದಲೇ ಆ ಅಡುಗೆಮನೆಯನ್ನು ಸೇರಿದೆ.