ಯಾರೂ ಮಣ್ಣಿಗೆ ಹೋಗದ ವರ್ಷ

2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿಗೆ, ಮುಂಡರಗಿ ತಾಲ್ಲೂಕಿನ ನಮ್ಮೂರಲ್ಲಿ ಯಾರೂ ಮಣ್ಣಿಗೆ ಹೋಗಲಿಲ್ಲ. ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ವಿಮಾನವೆಂಬ ಅಲಂಕರಿಸಿದ ಚಟ್ಟದಲ್ಲಿ ಕೂಡಿಸಿ, ಭಜನೆಯೊಂದಿಗೆ ಒಯ್ದು, ಕೂತ ಭಂಗಿಯಲ್ಲೇ ಕುಣಿಗೆ ಇಳಿಸುತ್ತಾರೆ. ಅಂಗೈಯಲ್ಲಿ ಇಷ್ಟಲಿಂಗ, ಮೈತುಂಬ ವಿಭೂತಿ, ಪತ್ರಿ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. 2018ರಲ್ಲಿ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಲಿಂಗೈಕ್ಯರಾದಾಗ ಊರಿಗೆ ಊರೇ ದರ್ಶನಕ್ಕೆ ಹರಿದು ಬಂದಿತ್ತು. ಆ ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಂದ ದೇಹವನ್ನು ಮಲಗಿಸಿಯೇ ಹೂತರು. ಮಕ್ಕಳು ದೂರ ನಿಂತು ನೋಡಿದರು.

ನಾನು ಊರಿನ ಹಿರೇಮಠದ ಅಯ್ಯ. ನಿರ್ಬಂಧ ಸಡಿಲಾದ ಮೇಲೆ ಗುಡಿಯ ಮುಂದೆ ಸಾಮೂಹಿಕ ಪ್ರಾರ್ಥನೆ ಇಟ್ಟೆ. ರುದ್ರಾಭಿಷೇಕ, ಆಮೇಲೆ ಮೈಕಿನಲ್ಲಿ ಪ್ರವಚನ. ಆತ್ಮಕ್ಕೆ ಸಾವಿಲ್ಲ, ಅಳಬಾರದು ಎಂದೆ. ಯಾರೂ ಅಳಲಿಲ್ಲ. ಅದನ್ನೇ ಸಮಾಧಾನವೆಂದು ತಿಳಿದೆ.

ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಮಠದ ಕಟ್ಟೆಗೆ ಬಂದು, ‘ಅಯ್ಯನವ್ರ, ಅವರನ್ನ ಮಲಗಿಸಿ ಹುಗದ್ರು. ಒಂದ ಪತ್ರಿ ಸುದ್ದಾ ಹಾಕಲಿಲ್ರೀ’ ಎಂದಳು. ‘ಶಿವನ ಪಾದ ಸೇರ್ಯಾರ, ಚಿಂತಿ ಮಾಡಬ್ಯಾಡ ತಾಯಿ’ ಎಂದು ಕಳಿಸಿಬಿಟ್ಟೆ. ಕೂಡ್ರು ಎಂದೂ ಹೇಳಲಿಲ್ಲ.

ಆಗಸ್ಟಿನಲ್ಲಿ ಮೊಹರಂ ಬಂತು. ಮೆರವಣಿಗೆಗೆ ಸರ್ಕಾರದ ಅನುಮತಿ ಇರಲಿಲ್ಲ. ಮಸೂತಿಯೊಳಗೇ ಪಂಜಾ ಕೂಡಿಸಿದ್ದರು. ಅದೇ ತಾಯಿ ಸಕ್ಕರೆ ಓದಿಸಲು ನಿಂತಿದ್ದಳು. ಮುಲ್ಲಾ ಆಕೆಯ ಗಂಡನ ಹೆಸರು ಕೇಳಿ, ಆ ಹೆಸರು ಹಿಡಿದೇ ಓದಿದರು. ಆಕೆ ಅಲ್ಲೇ ಕುಸಿದು ಕೂತು ಅತ್ತಳು. ಅವರು ಬುದ್ಧಿ ಹೇಳಲಿಲ್ಲ, ಅಳು ನಿಲ್ಲುವವರೆಗೆ ಹತ್ತಿರ ಕೂತರು. ಅವರ ಮನೆಯಲ್ಲೂ ಆ ಬೇಸಿಗೆ ಸಾವಾಗಿತ್ತು, ಮೈತೊಳೆಯಲೂ ಬಿಟ್ಟಿರಲಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಲಕ್ಷ್ಮೇಶ್ವರದ ದೂದಪೀರಾಂ ದರ್ಗಾಕ್ಕೂ ನಡೆದುಕೊಳ್ಳುವ ಸೀಮೆ ನಮ್ಮದು; ಆಕೆ ಮಸೂತಿಗೆ ಹೋದದ್ದು ಹೊಸದಲ್ಲ. ಆದರೆ ಪ್ರಾರ್ಥನೆಯ ದಿನ ತೀರಿಹೋದವರ ಒಂದು ಹೆಸರನ್ನೂ ನಾನು ಹೇಳಿರಲಿಲ್ಲವೆಂಬುದು ಆಗ ಹೊಳೆಯಿತು.

ಆಮೇಲೆ ಮನೆಮನೆಗೆ ಹೋದೆ. ತೀರಿಹೋದವರು ಏನು ಉಣ್ಣುತ್ತಿದ್ದರು, ಕೊನೆಯ ಫೋನಿನಲ್ಲಿ ಏನಂದರು ಎಂದು ಮನೆಯವರು ಹೇಳುತ್ತಿದ್ದರು. ಕೇಳುತ್ತ ಕೂತೆ. ಬೇಕೆಂದವರನ್ನು ಸಮಾಧಿಗೆ ಕರೆದೊಯ್ದು, ವಿಭೂತಿ, ಪತ್ರಿ ಏರಿಸಿ, ಮಕ್ಕಳ ಕೈಯಿಂದಲೇ ಮಣ್ಣು ಹಾಕಿಸಿದೆ. ಎಲ್ಲರೂ ಬರಲಿಲ್ಲ. ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಅವನ ಸಿಟ್ಟು ನ್ಯಾಯವಾದದ್ದು.

ಇಷ್ಟು ತಡವಾಗಿ ಕ್ರಿಯೆ ಮಾಡುವುದು ಯಾವ ಪದ್ಧತಿ ಎಂದು ಹಿರಿಯ ಅಯ್ಯನವರೊಬ್ಬರು ಕೇಳಿದರು. ನಾನು ಕಲಿತ ಪದ್ಧತಿಯಲ್ಲಿ ಅದಿಲ್ಲ. ಅಂಥ ಕಾಲ ಮತ್ತೆ ಬಂದರೆ ಇನ್ನೂ ಬೇಗ ಮಾಡುತ್ತೇನೆ ಎಂದೆ.