ಹಗಲಲ್ಲೂ ಆಟ ಕಾಣುವ ಉಳ್ಳಾಲ

ಮಂಗಳೂರಿನಿಂದ ತೆಂಕಣ ದಿಕ್ಕಿಗೆ ಹೊರಟ ಬಸ್ಸು ನೇತ್ರಾವತಿಯ ಸೇತುವೆಯನ್ನೇರಿದೊಡನೆ ಪ್ರಯಾಣಿಕರ ಕಣ್ಣು ತಾನಾಗಿ ಕಿಟಕಿಯ ಹೊರಗೆ ಹರಿಯುತ್ತದೆ. ಕೆಳಗೆ ವಿಶಾಲವಾಗಿ ಹರಡಿದ ಹೊಳೆ, ಅನತಿ ದೂರದಲ್ಲಿ ರೈಲಿನ ಸೇತುವೆ, ದಡದುದ್ದಕ್ಕೂ ನೀರಿನತ್ತ ಬಾಗಿ ನಿಂತ ತೆಂಗಿನ ಮರಗಳು. ಪಡುವಣದಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಒಂದುಗೂಡಿ ಕಡಲನ್ನು ಸೇರುವ ಅಳಿವೆ. ಹೊಳೆಯನ್ನು ದಾಟಿ ತೊಕ್ಕೊಟ್ಟಿನಲ್ಲಿ ಬಲಕ್ಕೆ ಹೊರಳಿದರೆ ಉಳ್ಳಾಲ. ತುಳು, ಬ್ಯಾರಿ, ಕನ್ನಡ, ಕೊಂಕಣಿ, ಮಲೆಯಾಳಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಊರಿದು. ಮೀನುಗಾರರು, ಬೀಡಿ ಕಟ್ಟುವ ಹೆಂಗಸರು, ಮಂಗಳೂರಿನ ಕಚೇರಿಗಳಿಗೆ ಹೋಗಿಬರುವ ನೌಕರರು ಎಲ್ಲರೂ ಇಲ್ಲಿದ್ದಾರೆ. ಇವರೆಲ್ಲರ ನಿತ್ಯಜೀವನದ ಬೆನ್ನಿಗೇ ಮತ್ತೊಂದು ಲೋಕವುಂಟು. ಅದು ಆಟದ ಲೋಕ.

ಕರಾವಳಿಯಲ್ಲಿ ‘ಆಟ’ವೆಂದರೆ ಯಕ್ಷಗಾನ ಬಯಲಾಟವೆಂದೇ ಅರ್ಥ. ದೇವತೆಗಳು, ದಾನವರು, ಕಿನ್ನರರು, ಮಾತನಾಡುವ ಮೃಗಪಕ್ಷಿಗಳು ಚೆಂಡೆಯ ಸದ್ದಿಗೆ ಕುಣಿದು ಇಳಿದುಬರುವ ಆ ಲೋಕವನ್ನು ಇಲ್ಲಿಯ ಮಗು ಅಕ್ಷರ ಕಲಿಯುವುದಕ್ಕೆ ಮೊದಲೇ ಕಂಡಿರುತ್ತದೆ. ತಾಯಿಯ ಮಡಿಲಲ್ಲಿ ಅರೆನಿದ್ದೆಯಲ್ಲಿ ಕಂಡದ್ದು ಬಾಳಿನುದ್ದಕ್ಕೂ ಕಣ್ಣಿನಲ್ಲಿ ನಿಲ್ಲುತ್ತದೆ. ಆದುದರಿಂದಲೇ ಬೇರೆಯವರಿಗೆ ಬರಿಯ ಸೂರ್ಯಾಸ್ತವಾಗಿ, ಬರಿಯ ಗುಡುಗಾಗಿ ತೋರುವುದು ಈ ಊರಿನವರಿಗೆ ಮತ್ತೇನೋ ಆಗಿ ತೋರುವುದು.

ಕೇಸರಿತಟ್ಟಿಯ ಸೂರ್ಯ

ಉಳ್ಳಾಲದ ತೆಂಕಣಕ್ಕೆ ಸೋಮೇಶ್ವರವಿದೆ. ಕಡಲಿಗೆ ಚಾಚಿದ ಎತ್ತರದ ನೆಲದ ಮೇಲೆ ಸೋಮನಾಥನ ದೇವಾಲಯ. ಅದರ ಕೆಳಗೆ ಅಲೆಗಳ ನಡುವೆ ಕಪ್ಪಗೆ ಮಲಗಿದ ಹೆಬ್ಬಂಡೆಗಳಿಗೆ ರುದ್ರಶಿಲೆ ಎಂಬ ಹೆಸರು. ಸಂಜೆ ಸೂರ್ಯನು ಕಡಲಿಗೆ ಸಮೀಪಿಸಿ ದೊಡ್ಡದಾಗಿ, ಕೆಂಪಾಗಿ, ಅಂಚಿನಲ್ಲಿ ಚಿನ್ನದ ರೇಖೆಯನ್ನು ಹೊತ್ತು ನಿಂತಾಗ ತೆಂಕುತಿಟ್ಟಿನ ಬಣ್ಣದ ವೇಷವನ್ನು ಕಂಡವರಿಗೆ ಥಟ್ಟನೆ ನೆನಪಾಗುವುದು ‘ಕೇಸರಿತಟ್ಟಿ’. ರಾಕ್ಷಸ ಪಾತ್ರದ ತಲೆಯ ಹಿಂದೆ ಚಕ್ರದಂತೆ ಹರಡುವ ಕಿರೀಟವದು. ಕಪ್ಪು ಬಂಡೆಗೆ ಅಪ್ಪಳಿಸಿ ಮೇಲಕ್ಕೆ ಚಿಮ್ಮುವ ಬಿಳಿಯ ನೊರೆಯೋ, ಆ ವೇಷದ ಮುಖದಲ್ಲಿ ಅಕ್ಕಿಹಿಟ್ಟು ಸುಣ್ಣಗಳಿಂದ ತಾಸುಗಟ್ಟಲೆ ಕುಳಿತು ಇಡುವ ಚುಟ್ಟಿಯಂತೆಯೇ ಇದೆ! ಇಂತಹ ನೋಟಕ್ಕೆ ಮನಸೋತು ಬಂಡೆಯ ತುದಿಗೆ ಹೋಗಿ ನಿಲ್ಲುವುದು ಮಾತ್ರ ಸಲ್ಲದು. ಇಲ್ಲಿಯ ಅಲೆಗಳು ಎಷ್ಟೋ ಮಂದಿಯನ್ನು ಸೆಳೆದೊಯ್ದಿವೆ.

ಇದನ್ನು ಕಾಣಲು ಕಡಲಿನವರೆಗೆ ಹೋಗಬೇಕೆಂದೂ ಇಲ್ಲ. ಬೆಳಗಿನ ಬಚ್ಚಲ ಒಲೆಗೆ ಒಣಗಿದ ತೆಂಗಿನ ಗರಿಯೊಂದನ್ನು ತುರುಕಿದರೆ ಭುಗ್ಗೆಂದು ಜ್ವಾಲೆಯೇಳುತ್ತದೆ. ಚಳಿ ಕಾಯಿಸುತ್ತ ಕುಳಿತ ಹುಡುಗನಿಗೆ ಅದು ದೊಂದಿಗೆ ರಾಳದ ಪುಡಿ ಎರಚಿದ ಗಳಿಗೆ. ನೀರುದೋಸೆಗೆ ಅರೆದಿಟ್ಟ ಹಿಟ್ಟಿನಲ್ಲಿ ಬೆರಳದ್ದಿ ಕೆನ್ನೆಗೆ ಚುಕ್ಕೆಯಿಟ್ಟುಕೊಂಡರೆ ಮನೆಯೊಳಗೊಬ್ಬ ರಾವಣ ಸಿದ್ಧ. ಒಗೆದ ಸೀರೆಯನ್ನು ಹಿಂಡಲು ಅಕ್ಕತಂಗಿಯರಿಬ್ಬರು ಎರಡು ತುದಿ ಹಿಡಿದು ನಿಂತರೆ ಅದೇ ತೆರೆ. ಅದರ ಹಿಂದೆ ಅಡಗಿ ಕುಣಿಯದಿರಲು ತಮ್ಮನಿಗೆ ಸಾಧ್ಯವೇ? ಮಾವಿನ ಕೊಂಬೆಗೆ ಕಟ್ಟಿದ ಉಯ್ಯಾಲೆಯಲ್ಲಿ ಕುಳಿತ ಹುಡುಗಿ, ‘ದೇವೀ ಮಹಾತ್ಮೆ’ಯಲ್ಲಿ ಚಂಡಮುಂಡರ ಕಣ್ಣಿಗೆ ಬಿದ್ದ ಉಯ್ಯಾಲೆಯ ದೇವಿಯಲ್ಲದೆ ಬೇರಾರು?

ಮಹಿಷಾಸುರನ ತಿಂಗಳು

‘ದೇವೀ ಮಹಾತ್ಮೆ’ಯ ಮಹಿಷಾಸುರನು ರಂಗಸ್ಥಳದ ತೆರೆಯ ಹಿಂದಿನಿಂದ ಬರುವವನಲ್ಲ. ಪ್ರೇಕ್ಷಕರ ಬೆನ್ನ ಹಿಂದೆ ಎಲ್ಲೋ ಕತ್ತಲಲ್ಲಿ ಅವನ ಕೂಗು ಕೇಳಿಸುತ್ತದೆ. ದೊಂದಿಗಳು ಉರಿಯುತ್ತವೆ, ಜನ ಇಬ್ಭಾಗವಾಗಿ ದಾರಿ ಬಿಡುತ್ತಾರೆ, ಕೋಡುಗಳ ಆ ಭಾರೀ ವೇಷ ಅಬ್ಬರಿಸುತ್ತ ಅವರ ನಡುವಿನಿಂದಲೇ ನಡೆದುಬರುತ್ತದೆ. ಎಳೆಯರು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುವುದೂ ಆಗಲೇ, ಒಂದು ಕಣ್ಣನ್ನು ಮಾತ್ರ ಹೊರಗಿಟ್ಟು ನೋಡುವುದೂ ಆಗಲೇ.

ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ಬಳಿಕ ಮಳೆಗಾಲವಿಡೀ ಬಯಲಿನಲ್ಲಿ ಆಟವಿಲ್ಲ. ಆದರೆ ಉಳ್ಳಾಲದ ದಂಡೆಯ ಮನೆಗಳಲ್ಲಿ ಚೆಂಡೆ ನಿಲ್ಲುವುದಿಲ್ಲ. ಜೂನ್ ತಿಂಗಳ ಮೊದಲ ಗುಡುಗು ಕಡಲಿನ ಮೇಲಿಂದ ಉರುಳಿ ಬಂದು ಹಂಚಿನ ಮಾಡು ನಡುಗಿದಾಗ, ಕಂಬಳಿಯೊಳಗಿನ ಮಗು, “ಅಜ್ಜೀ, ಮಹಿಷಾಸುರ ಬಂದನಾ?” ಎಂದು ಕೇಳುವುದುಂಟು. “ಬರಲಿ ಮಗಾ, ದೇವಿ ಇಲ್ಲವಾ? ನೀನು ಮಲಗು” ಎಂಬುದು ಅಜ್ಜಿಯ ಉತ್ತರ. ಆಟದಲ್ಲಿ ಬೆಳಗಾಗುವುದರೊಳಗೆ ಅಸುರರೆಲ್ಲ ಅಳಿಯುತ್ತಾರೆ. ಭಾಗವತರು ಮಂಗಳ ಹಾಡುತ್ತಾರೆ. ಮಗುವಿನ ಧೈರ್ಯಕ್ಕೆ ಅಷ್ಟು ಸಾಕು.

ಬರಿಗಾಲಿನ ರಾಣಿ

ಆಟದ ಲೋಕಕ್ಕೆ ಉಳ್ಳಾಲವು ಕೊಟ್ಟ ಕಾಣಿಕೆಯೂ ಇದೆ. ಇದು ಅಬ್ಬಕ್ಕ ರಾಣಿಯ ಊರು. ಅಳಿಯಕಟ್ಟಿನ ಚೌಟ ಅರಸುಮನೆತನದ ಈ ರಾಣಿ ಪೋರ್ಚುಗೀಸರಿಗೆ ಕಪ್ಪ ಕೊಡಲೊಲ್ಲದೆ ಎದುರು ನಿಂತಳು. 1568ರಲ್ಲಿ ಮಂಗಳೂರಿನಲ್ಲಿ ಕೋಟೆಯನ್ನೇ ಕಟ್ಟಿದ ಅವರಿಗೂ ಹೊಳೆಯಾಚೆಯ ಉಳ್ಳಾಲವು ಸುಲಭದಲ್ಲಿ ಬಗ್ಗಲಿಲ್ಲ. ಕತ್ತಲಲ್ಲಿ ಪುಟ್ಟ ದೋಣಿಗಳನ್ನೇರಿ ಹೋದ ರಾಣಿಯ ಕಡೆಯವರು ಉರಿಯುವ ಬಾಣಗಳನ್ನೆಸೆದು ಪರಂಗಿಯವರ ಹಡಗುಗಳನ್ನು ಸುಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಜನಪದ ಹಾಡುಗಳಲ್ಲಿಯೂ ಯಕ್ಷಗಾನದಲ್ಲಿಯೂ ಅವಳ ಕಥೆ ಬಂದಿದೆ. ಊರಿನಲ್ಲಿ ಅವಳ ಪ್ರತಿಮೆಯಿದೆ, ಅವಳ ಹೆಸರಿನ ಉತ್ಸವ ನಡೆಯುತ್ತದೆ. 2012ರಲ್ಲಿ ಭಾರತದ ಕರಾವಳಿ ರಕ್ಷಣಾ ಪಡೆಯ ನೌಕೆಯೊಂದಕ್ಕೂ ಅವಳ ಹೆಸರನ್ನಿಟ್ಟರು. ಕಾಲಗಣನೆಯನ್ನು ನೋಡಿದ ಚರಿತ್ರಕಾರರು ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದಿರಬೇಕೆನ್ನುತ್ತಾರೆ. ಕಥೆಯಲ್ಲಿ ಮಾತ್ರ ಅವಳು ಒಬ್ಬಳೇ.

ಈ ಕಥೆಯ ರಾಣಿಯನ್ನು ನಿತ್ಯದ ಕೆಲಸದ ನಡುವೆ ಕಣ್ಣಾರೆ ಕಂಡ ಪರದೇಶಿಯೊಬ್ಬನಿದ್ದಾನೆ. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ನೋಡಿ ಮಂಗಳೂರಿನ ಕಡೆಗೆ ಬಂದ. ಉಳ್ಳಾಲದ ರಾಣಿಯ ಕೀರ್ತಿಯನ್ನು ಕೇಳಿದ್ದ ಅವನು, ಅವಳು ಆಗ ಬಿಡಾರ ಮಾಡಿದ್ದ ಒಳನಾಡಿನ ಮಣೇಲಿಗೇ ಹೋದ. ಸಿಂಹಾಸನವನ್ನೂ ಚಾಮರವನ್ನೂ ನಿರೀಕ್ಷಿಸಿದ್ದನೋ ಏನೋ! ರಾಣಿ ಎದುರಾದದ್ದು ದಾರಿಯಲ್ಲಿ, ಬರಿಗಾಲಿನಲ್ಲಿ. ಗದ್ದೆಗಳ ಕಡೆ ಕಾಲುವೆ ತೋಡುವ ಕೆಲಸವನ್ನು ನೋಡಲು ಅವಳು ನಡೆದು ಹೊರಟಿದ್ದಳು. ನೋಟಕ್ಕೆ ಅಡುಗೆಮನೆಯ ಆಳಿನಂತೆ, ಅಗಸಗಿತ್ತಿಯಂತೆ ತೋರಿದಳೆಂದು ಅವನು ಬರೆದಿಟ್ಟ. ಯೂರೋಪಿನಲ್ಲಿ ಅಷ್ಟು ದೊಡ್ಡವನೆನಿಸಿದ ಸ್ಪೇಯ್ನಿನ ದೊರೆಯ ಸೈನ್ಯವನ್ನು ಇಲ್ಲಿ ಸೋಲಿಸುವವಳು ಇವಳೇ ಏನು ಎಂದು ಬೆರಗಾದ. ಪೋರ್ಚುಗಲ್ಲು ಆಗ ಸ್ಪೇಯ್ನಿನ ದೊರೆಯ ಕೈಯಲ್ಲಿತ್ತು. ಆದರೆ ರಾಣಿ ಮಾತನಾಡತೊಡಗಿದಾಗ ಅವಳ ದನಿಯ ಸೊಗಸೂ ಮಾತಿನ ವಿವೇಕವೂ ಅವಳು ಯಾರೆಂಬುದನ್ನು ತಿಳಿಸಿದುವು ಎಂದು ಸೇರಿಸಲು ಅವನು ಮರೆಯಲಿಲ್ಲ.

ದೂರದಿಂದ ಬಂದವನಿಗೆ ಇದು ಸೋಜಿಗವಾಯಿತು. ಆಟದ ಚೌಕಿಯನ್ನು ಕಂಡ ಉಳ್ಳಾಲದವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಹಗಲು ಲುಂಗಿಯುಟ್ಟು ಬಸ್ಸಿಗೆ ಕಾಯುತ್ತಿದ್ದ ಸಾಧಾರಣ ಮನುಷ್ಯನೇ ರಾತ್ರಿ ಚೌಕಿಯಲ್ಲಿ ಬಣ್ಣ ಹಚ್ಚಿ ದೇವೇಂದ್ರನಾಗುವುದನ್ನು ಅವರು ಕಂಡಿದ್ದಾರೆ. ಬಾಯಿ ತೆರೆದಾಗಲೇ ಪಾತ್ರದ ಯೋಗ್ಯತೆ ತಿಳಿಯುವುದೆಂಬುದನ್ನೂ ಬಲ್ಲರು.

ನೀರಿನ ಮೇಲಣ ಚಾದರ

ಅದ್ಭುತವನ್ನು ನಿತ್ಯದ ವಸ್ತುವಿನಲ್ಲಿ ಕಾಣುವ ಈ ಗುಣ ಒಂದೇ ಮತದವರ ಸೊತ್ತಲ್ಲ. ಊರಿನ ನಡುವೆ ಸಯ್ಯದ್ ಮದನಿಯವರ ದರ್ಗಾ ಇದೆ. ಶತಮಾನಗಳ ಹಿಂದೆ ಮದೀನದಿಂದ ಹೊರಟ ಆ ಸಂತರು ಕಡಲಿನ ಮೇಲೆ ಚಾದರವನ್ನು ಹಾಸಿ, ಅದರ ಮೇಲೆ ಕುಳಿತೇ ಉಳ್ಳಾಲದ ದಂಡೆಗೆ ಬಂದು ತಲಪಿದರೆಂಬುದು ಐತಿಹ್ಯ. ಐದು ವರ್ಷಗಳಿಗೊಮ್ಮೆ ನಡೆಯುವ ಉರೂಸಿಗೆ ಜಾತಿಮತಗಳ ಭೇದವಿಲ್ಲದೆ ಜನ ಸೇರುತ್ತಾರೆ. ಹಗಲಿನ ಬಿಸಿಲಿನಲ್ಲಿ ಅಲೆಯಿಲ್ಲದ ಹೊಳೆಯು ಬೆಳ್ಳಿಯ ಬಟ್ಟೆಯಂತೆ ಮಿರುಗುವಾಗ, ಅದರ ನಡುವೆ ಒಂಟಿಯಾಗಿ ಸಾಗುವ ದೋಣಿಯನ್ನು ಕಂಡವರಿಗೆ ಆ ಚಾದರದ ನೆನಪಾಗದಿರದು.

ಬೆಳಗಾದರೂ ಮುಗಿಯದ ಆಟ

ಇಷ್ಟೆಲ್ಲ ನೆನಪುಗಳಿಗೆ ನೆಲೆಯಾದ ದಂಡೆಯನ್ನೇ ಕಡಲು ಕೊರೆಯುತ್ತಿದೆ. ಕೋಟೆಪುರ, ಮೊಗವೀರಪಟ್ಣ, ಕೈಕೋ, ಸೋಮೇಶ್ವರ, ಉಚ್ಚಿಲ ಇವು ಮಳೆಗಾಲ ಬಂತೆಂದರೆ ಕಡಲ್ಕೊರೆತದ ಸುದ್ದಿಯಲ್ಲಿ ಕೇಳಿಬರುವ ಹೆಸರುಗಳು. ಮೊದಲು ಮರಳು, ಆಮೇಲೆ ತೆಂಗಿನ ಬುಡ, ಆಮೇಲೆ ಅಂಗಳ, ಕೊನೆಗೆ ಮನೆ. ಬಂಡೆಕಲ್ಲುಗಳ ತಡೆಗೋಡೆಗಳನ್ನು ಕಟ್ಟಿದ್ದಾರೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲೆಯ ರಭಸವನ್ನು ತಗ್ಗಿಸಲು ಕಡಲೊಳಗೇ ತಡೆದಂಡೆಗಳನ್ನು ನಿರ್ಮಿಸಿದ್ದಾರೆ. ಆದರೆ ಒಂದು ಕಡೆ ತಡೆದ ಕಡಲು ಮತ್ತೊಂದು ಕಡೆ ಬಾಯಿ ಹಾಕುವುದುಂಟು. ಕರಾವಳಿಯಲ್ಲಿ ಮರಳು ಒಂದೆಡೆ ನಿಲ್ಲುವ ವಸ್ತುವಲ್ಲ. ಅಲೆಗಳೊಡನೆ ಸಾಗುತ್ತಲೇ ಇರುತ್ತದೆ. ಆ ಸಾಗಾಟಕ್ಕೆ ಎಲ್ಲಿ ಅಡ್ಡಿಯಾದರೂ ಅದರ ಮುಂದಿನ ದಂಡೆ ಬಡವಾಗುತ್ತದೆ. ಗುಡುಗನ್ನು ಕೇಳಿ ಮೊಮ್ಮಗನಿಗೆ ಧೈರ್ಯ ಹೇಳಿದ ಅಜ್ಜಿ, ಅವನು ನಿದ್ದೆಹೋದ ಮೇಲೆ ತಾನು ಎಚ್ಚರಿದ್ದು ಅಲೆಯ ಸದ್ದಿಗೆ ಕಿವಿಗೊಡುತ್ತಾಳೆ. ಈ ಅಸುರನು ಬೆಳಗಾದರೆ ಅಳಿಯುವವನಲ್ಲವೆಂಬುದು ಅವಳಿಗೆ ಗೊತ್ತು.

ಆಟವೂ ಮೊದಲಿನಂತಿಲ್ಲ. ಈಗ ಅನೇಕ ಮೇಳಗಳು ಸಂಜೆ ಆರಂಭಿಸಿ ನಡುರಾತ್ರಿಯೊಳಗೆ ಮುಗಿಸುವ ಕಾಲಮಿತಿಯ ಪ್ರದರ್ಶನಕ್ಕೆ ಹೊಂದಿಕೊಂಡಿವೆ. ಇಡೀ ರಾತ್ರಿ ಕಾದು ಬೆಳಕಿನೊಡನೆ ಅಸುರವಧೆಯನ್ನು ಕಾಣುವ ಭಾಗ್ಯ ಎಲ್ಲ ಮಕ್ಕಳಿಗೂ ಒದಗುವುದಿಲ್ಲ. ಆದರೂ ದೀಪಾವಳಿಯ ಬಳಿಕ ಮೇಳಗಳು ಮತ್ತೆ ಗೆಜ್ಜೆ ಕಟ್ಟಿದಾಗ ಈ ಕಡೆಗೆ ಬರುವ ಯಾತ್ರಿಕರು ಹರಕೆಯ ಆಟವೊಂದನ್ನು ನೋಡಿಯೇ ಹೋಗುವುದು ಲೇಸು. ಮರುದಿನ ಉಳ್ಳಾಲದ ದಂಡೆಯಲ್ಲಿ ನಡೆದರೆ ಸೂರ್ಯನೂ ಬಂಡೆಯೂ ಬೇರೆಯಾಗಿಯೇ ತೋರುವುವು.

ಯಕ್ಷಗಾನಕ್ಕೆ ಹಿರಿಯರು ಬಯಲಾಟವೆಂಬ ಹೆಸರನ್ನಿಟ್ಟದ್ದು ಸುಮ್ಮನೆ ಅಲ್ಲ. ಅದಕ್ಕೆ ಅರಮನೆ ಬೇಡ, ರಂಗಮಂದಿರ ಬೇಡ. ಕೊಯ್ಲಾದ ಗದ್ದೆಯೋ ಮನೆಯ ಅಂಗಳವೋ ಸಾಕು. ಆದರೆ ಆ ಬಯಲಂತೂ ಬೇಕೇ ಬೇಕು. ಕಡಲಿಗೆ ಅಂಗಳವನ್ನು ಕಳೆದುಕೊಂಡು ಒಳನಾಡಿಗೆ ಹೋದ ಮನೆಯವರು ಪಾತ್ರೆಪರಡಿಗಳನ್ನು ಒಯ್ಯಬಲ್ಲರು, ಕಥೆಗಳನ್ನೂ ಒಯ್ಯಬಲ್ಲರು. ಆ ಕಥೆಗಳನ್ನು ದಿನವೂ ನೆನಪಿಸುತ್ತಿದ್ದ ಬಂಡೆ, ನೊರೆ, ಅಸ್ತಮಾನಗಳನ್ನು ಒಯ್ಯಲಾರರು. ಉಳ್ಳಾಲದ ದಂಡೆಗೆ ಹೊತ್ತು ಹಾಕುವ ಒಂದೊಂದು ಕಲ್ಲೂ ಮನೆಗಳ ಜೊತೆಗೆ ಇದನ್ನೂ ಕಾಯುತ್ತಿದೆ.