ನೆರೆಯ ಬೇರು ಹಿಡಿದು ಬದುಕುವ ಶ್ರೀಗಂಧ

ಸೊರಬದ ಗುಡಿಗಾರರು ತಲೆಮಾರುಗಳಿಂದ ಕೆತ್ತುತ್ತ ಬಂದಿರುವ ಶ್ರೀಗಂಧ ಅರೆ ಪರಾವಲಂಬಿ ಮರ ಎಂದರೆ ಎಷ್ಟೋ ಮಂದಿ ನಂಬುವುದಿಲ್ಲ. ಎಲೆಯೇನೋ ಹಸಿರೇ. ಆದರೆ ನೆಲದಡಿ ಅದರ ಬೇರು ಪಕ್ಕದ ಗಿಡದ ಬೇರನ್ನು ಹುಡುಕಿ, ಹೀರುಬೇರು ಚುಚ್ಚಿ, ನೀರು ಮತ್ತು ಖನಿಜಾಂಶ ಎಳೆದುಕೊಳ್ಳುತ್ತದೆ. ಸಸ್ಯವಿಜ್ಞಾನಿ ಜಾನ್ ಸ್ಕಾಟ್ ಇದನ್ನು 1871ರಲ್ಲೇ ಗುರುತಿಸಿದ್ದ.

ನರ್ಸರಿಯವರು ಗಂಧದ ಸಸಿಯ ಚೀಲದಲ್ಲೇ ತೊಗರಿಯನ್ನೂ ಬೆಳೆಸುವುದು ಅದಕ್ಕೇ.

ಗಂಧದ ಹೂವನ್ನಂತೂ ಹತ್ತಿರದಿಂದ ನೋಡಬೇಕು. ಕಾಳುಮೆಣಸಿನಷ್ಟು ಚಿಕ್ಕದು; ಅರಳುವಾಗ ತೆಳುಹಳದಿ, ಆಮೇಲೆ ಕಡುಗೆಂಪು. ಪರಿಮಳ ಮಾತ್ರ ಇಲ್ಲ! ಅದೆಲ್ಲ ಚೇಗಿನಲ್ಲಿ. ಆ ಚೇಗಿನಾಸೆಗೆ ಕಳ್ಳರ ಕೊಡಲಿ ಬಿದ್ದೂ ಬಿದ್ದೂ, 1998ರಲ್ಲಿ ಶ್ರೀಗಂಧ ಅಳಿವಿನ ಭೀತಿಯಲ್ಲಿರುವ ಜೀವಿಗಳ ಐಯುಸಿಎನ್ ಕೆಂಪುಪಟ್ಟಿ ಸೇರಿತು. ಕರ್ನಾಟಕದಲ್ಲಿ 2001ರ ಅರಣ್ಯ ಕಾನೂನು ತಿದ್ದುಪಡಿಯಿಂದ ತಮ್ಮ ಜಮೀನಿನ ಗಂಧಕ್ಕೆ ರೈತರೇ ಒಡೆಯರು. ಹಾಗಾಗಿ ಯಾರಾದರೂ ನೆಡುವುದಾದರೆ, ಪಕ್ಕದಲ್ಲೊಂದು ಹೊಂಗೆಯನ್ನೋ ನೆಲ್ಲಿಯನ್ನೋ ತಪ್ಪದೆ ನೆಡಲಿ.